ಯಂಕಂಚಿಯಿಂದ ಬಂದ ಪತ್ರ

ಸೋಮನಿಂಗ ಆ ಕಾಗದ ಬರೆಯಬಾರದಿತ್ತು. ಬರೆದರೂ ಕೆಳಗೆ ಹೆಸರು ಹಾಕಬಾರದಿತ್ತು. ಆದರೆ ನಾಲ್ಕನೇ ಇಯತ್ತೆಯಲ್ಲಿ ಮಾಸ್ತರರು ಬೆತ್ತ ಹಿಡಿದು ಕಲಿಸಿದ್ದೇ ಹಾಗೆ: ಕಾಗದವೆಂದ ಮೇಲೆ ಹೆಸರು, ಊರು, ತಾಲೂಕು ಇರಲೇಬೇಕು. ಮೂರನ್ನೂ ದುಂಡಗೆ ಬರೆದು, ರೇಡಿಯೋದ ಆರೋಗ್ಯ ಕಾರ್ಯಕ್ರಮಕ್ಕೆ ಊರ ಡಬ್ಬಿಯಿಂದಲೇ ಕಳಿಸಿಬಿಟ್ಟಿದ್ದ.

ಕೇಳಿದ ಪ್ರಶ್ನೆ ಒಂದೇ. 'ನನಗೆ ಕ್ಷಯ ಇದೆಯೆಂದು ಸಿಂದಗಿಯ ಡಾಕ್ಟರು ಹೇಳಿದ್ದಾರೆ. ಹೆಂಡತಿಗೆ ತಿಳಿಸದೆ ವಾಸಿ ಮಾಡಿಕೊಳ್ಳಲು ಬರುತ್ತದೆಯೇ?'

ಡಾಕ್ಟರು ಹೇಳಿದ್ದು ಬೇರೆ. ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು ಬಾ, ಅವರನ್ನೂ ತಪಾಸಣೆ ಮಾಡಬೇಕು ಅಂದಿದ್ದರು. ಸೋಮನಿಂಗ ಹೂಂ ಅಂದು ಬಂದವನು ಮತ್ತೆ ಆ ದವಾಖಾನೆಯ ಕಡೆ ತಲೆ ಹಾಕಿರಲಿಲ್ಲ. ಕಾರಣವೂ ಇತ್ತು. ಮುದ್ದೇಬಿಹಾಳದಲ್ಲಿ ಹೆಂಡತಿ ಗುರವ್ವನ ಅಕ್ಕನ ಗಂಡನಿಗೆ ಇದೇ ರೋಗ ಬಂದಾಗ, ಅವಳ ಅಣ್ಣತಮ್ಮಂದಿರು ಬಸ್ಸು ಹತ್ತಿ ಹೋಗಿ ಅಕ್ಕನನ್ನೂ ಮಕ್ಕಳನ್ನೂ ಒಂದೇ ದಿನದಲ್ಲಿ ತವರಿಗೆ ಎತ್ತಿಕೊಂಡು ಬಂದಿದ್ದರು. ಆ ಮನುಷ್ಯ ಒಬ್ಬನೇ ಸತ್ತ. ಗುರವ್ವನೂ ಎರಡು ವರ್ಷದ ಕೂಸೂ ಇಲ್ಲದ ಮನೆಯನ್ನು ನೆನೆಯುವುದೂ ಸೋಮನಿಂಗನಿಗೆ ಬೇಡವಾಗಿತ್ತು. ಪುಣ್ಯಕ್ಕೆ ಆತನದು ಹಿಟ್ಟಿನ ಗಿರಣಿ. ಎಷ್ಟು ಕೆಮ್ಮಿದರೂ ತಪ್ಪೆಲ್ಲ ಹಿಟ್ಟಿನ ಧೂಳಿನದು.

ಎಪ್ಪತ್ನಾಲ್ಕನೇ ಇಸವಿಯ ಆ ಗುರುವಾರ ಮುಂಜಾನೆ ಟಪಾಲಿನ ರಾಚಪ್ಪ ಗಿರಣಿಯ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ ಹಲ್ಲು ಕಿರಿದ.

"ಸೋಮಣ್ಣ, ಇವತ್ತ ಸಂಜಿಕೆ ರೇಡಿಯೋದಾಗ ನಮ್ಮೂರ ಹೆಸರು ಬರತೈತಿ! ಯಂಕಂಚಿ ಪತ್ರಕ್ಕ ಮುಂದಿನ ವಾರ ಉತ್ತರ ಹೇಳ್ತೇವಿ ಅಂತ ಹ್ವಾದ ವಾರ ಅಂದಿದ್ರಂತ. ಆ ಪತ್ರಾ ನಾನ ಚೀಲದಾಗ ಹಾಕಿ ಕಳಿಸೇನಿ. ಯಾರು ಬರದಿದ್ರೋ ಅದೊಂದು ಗೊತ್ತಾಗಲಿಲ್ಲ ನೋಡು."

ಸೋಮನಿಂಗನ ಕೈಯಲ್ಲಿದ್ದ ಜೋಳದ ಬುಟ್ಟಿ ಅಲ್ಲೇ ಮಗುಚಿತು.

ಊರಿಗೆ ಅದು ಹಬ್ಬದ ಸುದ್ದಿ. ಮುಳವಾಡದ ಹೆಸರು ರೇಡಿಯೋದಲ್ಲಿ ಎರಡು ಸಲ ಬಂದಿತ್ತು; ಯಂಕಂಚಿಯದು ಒಂದು ಸಲವೂ ಇಲ್ಲ. ಪಂಚಾಯ್ತಿ ಚೇರ್ಮನ್ ಮಡಿವಾಳಪ್ಪನವರು ಆ ಅವಮಾನವನ್ನು ಎರಡು ವರ್ಷದಿಂದ ನುಂಗಿಕೊಂಡಿದ್ದರು. ಈಗ ಪಂಚಾಯ್ತಿ ರೇಡಿಯೋ ಇಟ್ಟ ಕಟ್ಟೆಗೆ ಜಮಖಾನೆ ಹಾಸಿಸಿದರು, ಬೇವಿನ ಗಿಡಕ್ಕೆ ಕಟ್ಟಿದ ಅದರ ಧ್ವನಿವರ್ಧಕದ ಕರ್ಣೆಯನ್ನು ಒರೆಸಿಸಿದರು, ಮನೆಮನೆಗೆ ಡಂಗುರ ಸಾರಿಸಿದರು.

ಸೋಮನಿಂಗ ಮಧ್ಯಾಹ್ನ ಅವರ ಮುಂದೆ ಹೋಗಿ ನಿಂತ. "ಚೇರ್ಮನ್ನರ, ರೇಡಿಯೋದ ಬ್ಯಾಟರಿ ಭಾಳ ಹಳೇದ ಐತ್ರಿ. ನನ್ನ ಕೈಯಾಗ ಕೊಡ್ರಿ, ಗಿರಣ್ಯಾಗ ಸ್ವಲ್ಪ ನೋಡಿ ತಂದು ಕೊಡ್ತೇನಿ."

"ಹೊಸಾದು ತಂದು ಕುಂದ್ರಿಸೇನೋ! ಪೆಟ್ಟಿಗಿಗೆ ಕೀಲಿ ಜಡದೇನಿ. ಕೀಲಿಕೈ ನನ್ನ ಉಡದಾರಕ್ಕ ಕಟ್ಟೇನಿ. ಇವತ್ತ ಬ್ರಹ್ಮ ಬಂದ್ರೂ ಆ ರೇಡಿಯೋ ಬಂದ್ ಆಗೂದಿಲ್ಲ."

ಉಡದಾರಕ್ಕೆ ಕೈ ಹಾಕುವ ಧೈರ್ಯ ಸೋಮನಿಂಗನಿಗೆ ಇರಲಿಲ್ಲ. ಕೆಮ್ಮು ಒತ್ತಿಕೊಂಡು ಬಂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಹೊರಟುಬಂದ.

ಸಂಜೆ ಆರೂವರೆಗೆ ಕರ್ಣೆ ಗೊರಗೊರ ಅನ್ನುತ್ತಿದ್ದಂತೆ ಆತ ಗಿರಣಿಯ ಡೀಸೆಲ್ ಎಂಜಿನ್ ಚಾಲೂ ಮಾಡಿದ. ಅದರ ಸದ್ದು ಶುರುವಾದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ಬೀಸಲು ಒಂದು ಕಾಳು ಜೋಳವಿಲ್ಲದಿದ್ದರೂ ಬೀಸುವ ಕಲ್ಲು ತಿರುಗಿತು. ಐದು ನಿಮಿಷ ಆಗಿರಲಿಲ್ಲ, ಹತ್ತು ಮಂದಿ ಒಳಗೆ ನುಗ್ಗಿದರು. ಒಬ್ಬ ಎಂಜಿನ್ ಬಂದ್ ಮಾಡಿದ, ಇಬ್ಬರು ಸೋಮನಿಂಗನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಎಲ್ಲರಿಗಿಂತ ಮುಂದೆ, ರೇಡಿಯೋದ ಪಕ್ಕದಲ್ಲೇ ಕೂರಿಸಿದರು.

"ಊರ ಮರ್ಯಾದಿ ಪ್ರಶ್ನೆ ಐತಿ, ನಿನಗ ಗಿರಣಿ ಚಿಂತಿ!" ಎಂದು ಚೇರ್ಮನ್ನರು ಗದರಿದರು.

ಹಿಂದೆ ಗಿಡದ ಕೆಳಗೆ ಹೆಂಗಸರು ಕುಳಿತಿದ್ದರು. ಗುರವ್ವ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕರ್ಣೆಯ ಬುಡದಲ್ಲೇ ಜಾಗ ಹಿಡಿದಿದ್ದಳು.

ಹಾಡು ಮುಗಿಯಿತು. ರೇಡಿಯೋದೊಳಗಿನ ಮನುಷ್ಯ ಕೊರಳು ಸರಿಮಾಡಿಕೊಂಡ. "ಈಗ ಸಿಂದಗಿ ತಾಲೂಕಿನ ಯಂಕಂಚಿಯಿಂದ ಬಂದಿರುವ ಪತ್ರ..."

ಕಟ್ಟೆಯ ತುಂಬ ಚಪ್ಪಾಳೆ, ಸಿಳ್ಳೆ. ಆ ಗದ್ದಲದಲ್ಲಿ ಮುಂದಿನ ಮಾತು ಸೋಮನಿಂಗನಿಗೆ ಕೇಳಿಸಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಇನ್ನು ತನ್ನ ಹೆಸರು, ಆಮೇಲೆ ರೋಗದ ಹೆಸರು. ಏನು ಮಾಡಬೇಕೆಂದು ತಲೆಗೆ ಹೊಳೆಯುವ ಮೊದಲೇ ಮೈ ತಾನೇ ಜಿಗಿಯಿತು.

"ಹೋ...!" ಎಂದು ಕಿರುಚಿ ಆತ ಥರಥರ ನಡುಗಿದ, ತಲೆ ಗಿರಗಿರ ತಿರುಗಿಸಿದ, ಕಣ್ಣು ಮೇಲೆ ಮಾಡಿದ. "ಬ್ಯಾಡಾ! ಈ ಪೆಟ್ಟಿಗಿ ನನಗ ಬ್ಯಾಡಾ!" ಎನ್ನುತ್ತ ರೇಡಿಯೋದ ಮೇಲೇ ಹಾರಿಬಿದ್ದ. ಪೆಟ್ಟಿಗೆ ಕಟ್ಟೆಯಿಂದ ಉರುಳಿ ಚೂರಾಯಿತು. ಅದರ ಮೂಲೆ ಬಡಿದು ಸೋಮನಿಂಗನ ತುಟಿಯೂ ಒಡೆಯಿತು.

ಬೇರೆ ದಾರಿಯಲ್ಲಿ ರೇಡಿಯೋ ಒಡೆದಿದ್ದರೆ ಊರವರು ಆತನ ಎಲುಬು ಮುರಿಯುತ್ತಿದ್ದರು. ಆದರೆ ದೇವರು ಮೈದುಂಬಿದವನನ್ನು ಬಯ್ಯುವವರು ಯಾರು? "ಮೈಯಾಗ ಬಂದೈತಿ, ಕೈ ಮುಗೀರಿ!" ಎಂದು ಮುದುಕಿ ಹುಚ್ಚವ್ವ ಕೂಗಿದಳು. ಯಾರೋ ಹಣೆಗೆ ಅರಿಶಿನದ ಭಂಡಾರ ಬಳಿದರು, ಯಾರೋ ತೆಂಗಿನಕಾಯಿ ಒಡೆದರು. ಚೇರ್ಮನ್ನರು ಒಡೆದ ರೇಡಿಯೋವನ್ನು ಒಮ್ಮೆ, ಸೋಮನಿಂಗನನ್ನು ಒಮ್ಮೆ ನೋಡಿ, ಕಡೆಗೆ ರುಮಾಲು ತೆಗೆದು ಕಾಲಿಗೆ ಬಿದ್ದರು.

"ಮುಂದಿನ ಚುನಾವಣ್ಯಾಗ ನನ್ನ ಗತಿ ಏನಪ್ಪಾ ದೇವರ?"

"ಆಗತೈತಿ, ಆಗತೈತಿ," ಎಂದು ಸೋಮನಿಂಗ ನಡುಗುತ್ತಲೇ ಹೇಳಿದ. ಒಂದು ತಾಸು ಅವನನ್ನು ಬಿಡಲಿಲ್ಲ. ಎಲ್ಲರಿಗೂ 'ಆಗತೈತಿ' ಅಂದು ಅಂದು ನಾಲಿಗೆ ಒಣಗಿತು. ಆದರೂ ಮನೆಯ ಕಡೆ ನಡೆಯುವಾಗ ಎದೆ ಹಗುರಾಗಿತ್ತು. ರೇಡಿಯೋ ಹೋಯಿತು, ಗುಟ್ಟು ಉಳಿಯಿತು, ಹೆಂಡತಿ ಉಳಿದಳು.

ಮನೆಯಲ್ಲಿ ಗುರವ್ವ ಒಲೆ ಹಚ್ಚಿರಲಿಲ್ಲ. ಮೂಲೆಯಲ್ಲಿ ಕುಳಿತು ಬಿಕ್ಕುತ್ತಿದ್ದಳು. ಪಕ್ಕದಲ್ಲಿ ಅವಳ ಎರಡು ಸೀರೆಗಳ ಗಂಟು.

"ಹತ್ರ ಬರಬ್ಯಾಡ್ರಿ," ಅಂದಳು. ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. "ಆ ಪತ್ರ ನಂದ್ರೀ."

"ಯಾವ ಪತ್ರ?" ಎಂದ ಸೋಮನಿಂಗ.

"ಬಾಗೇವಾಡಿ ಚಿಗವ್ವನ ಮನಿಗೆ ಹೋದಾಗ ಆಕಿ ಮಗಳ ಕಡೆಯಿಂದ ಬರಸಿ, ಅಲ್ಲೇ ಡಬ್ಬಿಗೆ ಹಾಕಸಿದ್ದೆ. ಯಂಕಂಚಿಯ ಸೋದರಿ ಅಂದ್ರು, ಕರ್ಣಿ ಬುಡಕ ಕುಂತಿದ್ದೆ, ನನಗ ಕೇಳಿಸ್ತು. ಮೂರು ತಿಂಗಳಾತು, ಕೆಮ್ಮಿದ್ರ ರಕ್ತ ಬೀಳತೈತಿ. ಕೇಳಿದವರಿಗೆಲ್ಲಾ ಒಲಿ ಹೊಗಿ ಅಂತ ಹೇಳಿಕೋತ ಬಂದೆ. ಗಂಡಗ ಹೆಂಗ ಹೇಳಲಿ, ಕೂಸಿನ್ನ ಹೆಂಗ ಉಳಸ್ಲಿ, ಅಂತ ಕೇಳಿದ್ದೆ. ರೇಡಿಯೋ ಡಾಕ್ಟರು ಬಾಯಿ ತಗಿಯೂದರಾಗ ದೇವರು ಬಂದು ತಡದ. ನಿಮ್ಮಿಂದ ಮುಚ್ಚಿಟ್ಟ ಪಾಪಕ್ಕ ದೇವರು ನನಗ ಉತ್ತರಾ ಸುದ್ದಾ ಕೊಡಲಿಲ್ಲ ನೋಡ್ರಿ."

ಸೋಮನಿಂಗ ಬಾಗಿಲ ಬಳಿಯೇ ಕುಳಿತ. ಆತನ ಆಯುಷ್ಯದಲ್ಲಿ ನಿಜ ಹೇಳಲೇಬೇಕಾದ ಹೊತ್ತು ಇದೊಂದೇ ಇತ್ತು. ಹೇಳಿದ.

"ನಿನ್ನ ತಪ್ಪಲ್ಲ ಗುರವ್ವಾ. ಟೀಬಿ ಇದ್ದದ್ದು ನನಗ. ನನ್ನಿಂದ ನಿನಗ ಹತ್ತೈತಿ. ದೇವರು ಬರಲಿಲ್ಲ ಏನೂ ಇಲ್ಲ, ನಾನ ಸೋಗು ಹಾಕಿದೆ!"

ಗುರವ್ವ ಕಣ್ಣೀರಿನಲ್ಲೇ ನಕ್ಕಳು. "ನನ್ನ ತಪ್ಪು ನಿಮ್ಮ ಮ್ಯಾಲೆ ಹಾಕ್ಕೋಬ್ಯಾಡ್ರಿ. ದೇವರು ಹೊಕ್ಕ ಮೈಯಾಗ ರೋಗ ನಿಲ್ಲತೈತೇನು?"

ಆತ ಕೆಮ್ಮಿ ಟವೆಲು ತೋರಿಸಿದ. ಕೆಂಪಾಗಿತ್ತು.

"ತುಟಿ ಒಡದೈತಲ್ರೀ," ಎಂದಳು, ಅಕ್ಕರೆಯಿಂದ.

ಆಣೆ ಹಾಕಿದ, ಅತ್ತ, ನೆಲಕ್ಕೆ ತಲೆ ಚಚ್ಚಿಕೊಂಡ. ಅತ್ತಷ್ಟೂ ಅವಳಿಗೆ ಗಂಡ ಇನ್ನಷ್ಟು ದೇವರಂಥವನಾಗಿ ಕಂಡ. ಕಡೆಗೆ ಗಂಟು ಎತ್ತಿಕೊಂಡು ಅವಳು ಎದ್ದಳು.

"ಇವತ್ತ ಹೊರಗ ಜಗಲಿ ಮ್ಯಾಲೆ ಮಲಗ್ತೇನಿ. ಮುಂಜಾನೆ ಬಸ್ಸಿಗೆ ಇಂಡಿ ತವರಿಗೆ ಹೋಗ್ತೇನಿ. ಕೂಸು ನಿಮ್ಮ ಹಂತೇಕ ಇರ್ಲಿ."

"ಬ್ಯಾಡಾ! ಕೂಸನ್ನೂ ಕರಕೊಂಡು ಹೋಗ, ಕೈ ಮುಗೀತೇನಿ!" ಹೆಂಡತಿ ಕೂಸನ್ನು ಕರೆದೊಯ್ಯಬಾರದೆಂದು ದಿನವಿಡೀ ಹೆಣಗಿದವನು ಈಗ ಅದನ್ನೇ ಬೇಡುತ್ತಿದ್ದ.

"ರೋಗದಾಕಿ ಕೈಯಾಗ ಕೂಸು ಕೊಡ್ತೀರೇನು? ನಿಮ್ಮ ಮೈ ಚಲೋ ಐತಿ."

ಅವಳು ಮುಖ ಆ ಕಡೆ ತಿರುಗಿಸಿ, ಉಸಿರು ಬಿಡದೆ, ಮಲಗಿದ್ದ ಕೂಸನ್ನು ಎತ್ತಿ ತಂದು ಅವನ ತೊಡೆಯ ಮೇಲೆ ಹಾಕಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಕೂಸು ನಿದ್ದೆಯಲ್ಲೇ ಅಪ್ಪನ ಕೊರಳು ತಬ್ಬಿ ಅವನ ಗಲ್ಲಕ್ಕೆ ಗಲ್ಲ ಹಚ್ಚಿತು. ಎದೆಯ ಆಳದಿಂದ ಕೆಮ್ಮು ಏಳುತ್ತಿತ್ತು. ಸೋಮನಿಂಗ ಎರಡೂ ಕೈಗಳಿಂದ ತನ್ನ ಬಾಯಿ ಮುಚ್ಚಿಕೊಂಡ.