ಆರೋಪಿ ತಲೆಮರೆಸಿಕೊಂಡಿದ್ದಾನೆ

ಗೇಟಿನ ಹೊರಗೆ ಮೊಪೆಡ್ಡೊಂದು ಎರಡು ಸಲ ಕೆಮ್ಮಿ, ಒಂದು ಸಲ ಸೀನಿ, ಆಮೇಲೆ ಪ್ರಾಣ ಬಿಡುತ್ತಿದ್ದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಏರ್‌ಪೋರ್ಟ್ ದೇವನಹಳ್ಳಿಗೆ ಹೋಗಿ, ಹೆಬ್ಬಾಳದಲ್ಲಿ ರಸ್ತೆ ದಾಟುವುದೇ ಒಂದು ಅಡ್ವೆಂಚರ್ ಆಗಿದ್ದ ವರ್ಷಗಳವು. ಆ ಸದ್ದು ಕೇಳಿತೆಂದರೆ ನಮ್ಮ ಭಾವ ಬಂದರು, ಯಾರ ಮೇಲೋ ಕೇಸು ಬಿತ್ತು ಎಂದೇ ಅರ್ಥ. ಆರೋಪಿ ಇಲ್ಲದೆ ಈ ಭೂಮಿಯ ಮೇಲೆ ಏನೂ ನಡೆಯುವುದಿಲ್ಲ ಎಂದು ನಂಬಿದ್ದ ಮನುಷ್ಯ! ಹಾಲು ಉಕ್ಕಿದರೂ ಅವರಿಗೊಬ್ಬ ಆರೋಪಿ ಬೇಕು. ಅಕ್ಕ ಬೆಕ್ಕು ಸಾಕಿದ್ದು ಅದಕ್ಕೇ ಎಂದು ನನ್ನ ಅನುಮಾನ.

ಭಾವ ಎಂದರೆ ಅಕ್ಕನ ಗಂಡ, ಕೊಡಿಗೇಹಳ್ಳಿಯ ಹಳೇ ಮನೆತನದವರು. ನಾಲ್ಕು ಪುಟದ ವಾರಪತ್ರಿಕೆಯೊಂದಕ್ಕೆ ಅವರೇ ಎಡಿಟರ್, ಅವರೇ ರಿಪೋರ್ಟರ್, ಮನೆಮನೆಗೆ ಹಂಚುವವರೂ ಅವರೇ. ಬರೆಯುತ್ತಿದ್ದದ್ದು ಬರೀ ಕ್ರೈಮು. ಸರಗಳ್ಳರಿಗೆ ಕೊರತೆಯಿಲ್ಲದ ಊರು, ಪತ್ರಿಕೆ ಸೊಗಸಾಗಿ ನಡೆಯುತ್ತಿತ್ತು.

ಹಾಗಿರುವಾಗ ಯಲಹಂಕದ ಸಂಸ್ಥೆಯೊಂದು, ಹವಾಮಾನ ಬದಲಾವಣೆಯ ಬಗ್ಗೆ ಬರೆಯುವುದು ಹೇಗೆಂದು ಸುತ್ತಲ ಹಳ್ಳಿಗಳ ಪತ್ರಕರ್ತರಿಗೆ ತರಬೇತಿ ಇಟ್ಟಿತು. ಪಾಠ ಹೇಳಲು ದೆಹಲಿಯಿಂದ ಒಬ್ಬ ಹುಡುಗಿ ಬಂದಿದ್ದಳು. ಅವಳ ಇಂಗ್ಲಿಷನ್ನು ಕನ್ನಡಕ್ಕೆ ತರುವ ಕೆಲಸ, ನನ್ನ ಕಾನ್ವೆಂಟಿನ ಪುಣ್ಯದಿಂದ, ನನ್ನ ಕೊರಳಿಗೆ ಬಿತ್ತು. ವೇದಿಕೆ ಹತ್ತಿ ನೋಡುತ್ತೇನೆ, ಮೊದಲ ಸಾಲಿನಲ್ಲಿ ಭಾವ! ಮೈ ಗಾಡ್!

ಹೊಗೆ ಹೇಗೆ ಭೂಮಿಗೆ ಕಂಬಳಿ ಹೊದಿಸುತ್ತದೆಂದು ಅವಳು ಹೇಳಿದಳು, ನಾನೂ ಹೇಳಿದೆ. ಭಾವ ಕೈಯೆತ್ತಿದರು.

"ಇದು ಯಾವ ಸ್ಟೇಷನ್ ಲಿಮಿಟ್ಸ್‌ಗೆ ಬರ್ತೈತೆ? ಕೊಡಿಗೇಹಳ್ಳಿನೋ, ಯಲಹಂಕನೋ?"

ಇದನ್ನು ಇಂಗ್ಲಿಷಿಗೆ ತರುವುದು ಹೇಗೆಂದು ನಮ್ಮ ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿರಲಿಲ್ಲ.

ಸಂಜೆ ಎಲ್ಲರೂ ಒಂದೊಂದು ವರದಿ ಬರೆದು ಓದಬೇಕಿತ್ತು. ಭಾವ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಭೂಮಿಗೆ ಜ್ವರ. ಕಾರ್ಬನ್ ಡೈಆಕ್ಸೈಡ್ ಎಂಬಾತನ ಮೇಲೆ ಶಂಕೆ. ಆರೋಪಿ ತಲೆಮರೆಸಿಕೊಂಡಿದ್ದಾನೆ. ಪ್ರತಿಕ್ರಿಯೆಗೆ ಲಭ್ಯವಾಗಿಲ್ಲ."

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ನಾನು ನೆಲ ನೋಡುತ್ತ ಕುಳಿತೆ. ನಗದೇ ಇದ್ದವಳು ಆ ಹುಡುಗಿ ಒಬ್ಬಳೇ. ಅರ್ಧ ಗಂಟೆಯಲ್ಲೇ ರಪರಪ ಸುರಿದುಬಿಡುವಂಥ ಮಳೆ ಇನ್ನು ಮುಂದೆ ಹೆಚ್ಚಬಹುದು, ಅದಕ್ಕೆ ಕಾರಣ ಎಲ್ಲೆಲ್ಲೋ ಇದೆ ಎಂದಳು. ಆದರೆ ಬಿದ್ದ ನೀರು ಆ ಮನೆ ಬಿಟ್ಟು ಈ ಮನೆಗೇ ಯಾಕೆ ನುಗ್ಗಿತು ಎಂಬುದನ್ನು ನಿಮ್ಮೂರಿನಲ್ಲೇ ಕೇಳಬಹುದು. ಮುಂದಿನ ಮಳೆಗೆ ನೀರಿನ ಹಿಂದೆಯೇ ಹೋಗಿ, ಅದು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಬರೆಯಿರಿ, ಎಂದಳು. ನಾನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಭಾವ ಕನ್ನಡಕ ತೆಗೆದು ಒರೆಸುತ್ತಿದ್ದರು. ಅವರು ಕನ್ನಡಕ ಒರೆಸಿದರೆಂದರೆ ಯಾರೋ ಸಿಕ್ಕಿಬಿದ್ದ ಹಾಗೆಯೇ.

ಆ ವರ್ಷವೇ ಅಂಥ ಮಳೆ ಬಂತು. ತಗ್ಗಿನ ಮನೆಗಳಿಗೆ ನೀರು ನುಗ್ಗಿ, ಒಬ್ಬ ಅಜ್ಜಿಯನ್ನು ಮಂಚದ ಸಮೇತ ಎತ್ತಿ ಹೊರಗೆ ತಂದರು. ಬೆಳಗ್ಗೆ ಭಾವ ಪಂಚೆ ಎತ್ತಿ ಕಟ್ಟಿ, ಕೋಲು ಹಿಡಿದು ನೀರಿನ ಹಿಂದೆ ಹೊರಟರು. ಬೀದಿಗೆ ಬೀದಿಯೇ ಕಿಟಕಿಯಿಂದ ಇಣುಕಿತು. ಈ ಮನುಷ್ಯ ಯಾರ ಬಾಗಿಲಲ್ಲಿ ನಿಲ್ಲುತ್ತಾನೆ? ಒಬ್ಬ ಬಿಲ್ಡರ್ ಕರೆದು ಕಾಫಿ ಕೊಟ್ಟ. ಇನ್ನೊಬ್ಬ, ತನ್ನ ಹುಟ್ಟುಹಬ್ಬ ಇನ್ನೂ ದೂರವಿದ್ದರೂ, ಇಡೀ ಪುಟದ ಶುಭಾಶಯದ ಜಾಹೀರಾತು ಕೊಡುತ್ತೇನೆಂದ. ಭಾವ ಕಾಫಿ ಕುಡಿದರು, ಜಾಹೀರಾತು ಬೇಡವೆಂದರು, ಮುಂದೆ ನಡೆದರು.

ಮಧ್ಯಾಹ್ನ ಅಕ್ಕನ ಫೋನು. "ಬೇಗ ಬಾರೆ. ನಿಮ್ ಭಾವ ಬಂದು ನನ್ನ ಅಡುಗೆಮನೇಲಿ ನಿಂತ್ಬಿಟ್ಟಿದ್ದಾರೆ. ಕೋಲಲ್ಲಿ ನೆಲ ಕುಟ್ತಿದ್ದಾರೆ."

ಆಟೋ ಹಿಡಿದು ಓಡಿದೆ. ಅಡುಗೆಮನೆಯ ಒಂದು ಚಪ್ಪಡಿ ಎಬ್ಬಿಸಿದ್ದರು. ಕೆಳಗೆ, ಮಳೆನೀರನ್ನು ಕೆರೆಗೆ ಒಯ್ಯುವ ಹಳೇ ರಾಜಕಾಲುವೆ, ಕಲ್ಲುಮಣ್ಣು ತುಂಬಿ ಉಸಿರುಗಟ್ಟಿತ್ತು. ಭಾವನ ಅಪ್ಪ ಎಂದೋ ಅದರ ಮೇಲೆ ಚಪ್ಪಡಿ ಹಾಸಿ ಅಡುಗೆಮನೆ ಕಟ್ಟಿದ್ದರು. ಹೋಗಲು ದಾರಿಯಿಲ್ಲದ ನೀರು ತಿರುಗಿ ಅಜ್ಜಿಯ ಮಂಚಕ್ಕೆ ಹೋಗಿತ್ತು. ಭಾವ ಹೊಸ್ತಿಲ ಮೇಲೆ ಕೂತು ಬರೆಯುತ್ತಿದ್ದರು.

"ಪೇಪರಲ್ಲಿ ಬಂದ್ರೆ ಸರ್ವೆಯವ್ರು ಬಂದು ಒಡೀತಾರೆ ಕಣೆ," ಅಕ್ಕ ನನ್ನ ಕೈ ಹಿಡಿದಳು. "ಒಲೆ ಎಲ್ಲಿಡ್ಲಿ ನಾನು? ನೀನಾದ್ರೂ ಹೇಳೆ."

ಹೇಳಿದೆ. "ಭಾವ, ಕಟ್ಟಿದ್ದು ನಿಮ್ಮಪ್ಪ. ಅವರೂ ಇಲ್ಲ ಈಗ. ಹವಾಮಾನ ಬದಲಾವಣೆ ಅಂತ ಬರೆದುಬಿಡಿ, ಪ್ಲೀಸ್. ಯಾರೂ ಕೇಳಲ್ಲ."

"ಆಕಾಶದ ಮೇಲೆ ಕೇಸ್ ಹಾಕ್ಬುಟ್ಟು ಮನೇಲಿ ಉಣ್ತಾ ಕೂತ್ಕೋ ಅಂತೀಯಾ, ಕಾನ್ವೆಂಟಮ್ಮ?"

ಕೆಳಗೆ ಎಲ್ಲೋ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಅಕ್ಕ ಗೂಡಿನಿಂದ ಪಾತ್ರೆಗಳನ್ನು ಇಳಿಸತೊಡಗಿದಳು. ಇಳಿಸುತ್ತಲೇ, ಗಂಡನ ಕಡೆ ತಿರುಗದೆ ಹೇಳಿದಳು.

"ಎರಡೂ ಕಡೆಯವರನ್ನ ಕೇಳ್ಬೇಕು ಅಂತೀರಲ್ಲ. ನನ್ ಹೇಳಿಕೇನೂ ಬರ್ಕೊಳ್ಳಿ."

ಆ ವಾರ ಮುಖಪುಟದಲ್ಲಿ ಹೀಗಿತ್ತು: "ರಾಜಕಾಲುವೆಯ ಮೇಲೆ ಅಡುಗೆಮನೆ. ಆರೋಪಿ ಈ ಪತ್ರಿಕೆಯ ಸಂಪಾದಕ. ತಲೆಮರೆಸಿಕೊಂಡಿಲ್ಲ, ಮನೆಯಲ್ಲೇ ಇದ್ದಾನೆ. ಆರೋಪಿಯ ಪತ್ನಿಯ ಪ್ರತಿಕ್ರಿಯೆ: ಒಲೆಯನ್ನು ಮುಂದಿನ ಜಗುಲಿಗೆ ತಂದುಕೊಂಡಿದ್ದೇನೆ. ನೀರು ಹೋಗಲಿ."

ಸರ್ವೆಯವರು ಬರುವ ಮೊದಲೇ ಭಾವ ಆಳು ಕರೆಸಿ ಗೋಡೆ ಒಡೆಸಿದರು. ತಮ್ಮ ಮನೆಯಡಿಯೂ ಕಾಲುವೆ ಇದ್ದವರು ಪತ್ರಿಕೆ ನಿಲ್ಲಿಸಿದರು, ನಮಸ್ಕಾರವನ್ನೂ ನಿಲ್ಲಿಸಿದರು. ಅಜ್ಜಿ ಮಾತ್ರ, ಓದು ಬಾರದಿದ್ದರೂ, ಪ್ರತಿ ವಾರ ಕೇಳಿ ಇಸಿದುಕೊಳ್ಳುತ್ತಿದ್ದಳು.

ಭಾವನನ್ನು ನಾನು ಕಡೆಯ ಸಲ ನೋಡಿದ್ದು ಮರುವರ್ಷದ ಮಳೆಯಲ್ಲಿ. ಜಗುಲಿಯಲ್ಲಿ ಅಕ್ಕ ಬಜ್ಜಿ ಕರಿಯುತ್ತಿದ್ದಳು. ಹಿಂದೆ, ಅಡುಗೆಮನೆ ಇದ್ದ ಜಾಗದಲ್ಲಿ, ಭಾವ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೊಡೆ ಹಿಡಿದು ಪಹರೆಯವರಂತೆ ಕೂತಿದ್ದರು. ಈ ಸಲ ಆರೋಪಿ ಯಾರು ಭಾವ, ಎಂದು ಛೇಡಿಸಿದೆ. ಕೊಡೆಯನ್ನು ನನ್ನ ಕಡೆ ಓರೆ ಮಾಡಿದರು. ಅವರ ಎಡಭುಜ ಪೂರ್ತಿ ನೆನೆಯತೊಡಗಿತು. ಕಾಲ ಬುಡದಲ್ಲಿ ಕೆಂಪು ನೀರು ಎಲ್ಲೂ ನಿಲ್ಲದೆ ಕೆರೆಯ ಕಡೆಗೆ ಹರಿದುಹೋಗುತ್ತಿತ್ತು.

"ಓಡೋಗ್ತಾ ಐತೆ ನೋಡು," ಎಂದರು ಮೆಲ್ಲಗೆ. "ಬಿಡು, ಹೋಗ್ಲಿ."