ಅತ್ತೆಯ ಮೂರನೇ ಚರಣ

ನಮ್ಮ ಚರ್ಚಿನಲ್ಲಿ ಹಳೆಯ ಹಾಡುಗಳನ್ನು ಕಂಡರೆ ಆಗದವರು ಒಬ್ಬರೇ ಒಬ್ಬರು. ಇಡೀ ಸಭೆಗೆ ಹಿರಿಯರೂ ಅವರೇ. ನನ್ನ ಸೋದರತ್ತೆ!

ಎಪ್ಪತ್ತು ದಾಟಿದ ಹೆಂಗಸೆಂದರೆ ಕಣ್ಣು ಮುಚ್ಚಿ ಹಳೇ ಕೀರ್ತನೆಗಳನ್ನು ಗುನುಗಬೇಕು, ಹುಡುಗರ ಗಿಟಾರು ಕೀಬೋರ್ಡುಗಳಿಗೆ ಮುಖ ಸಿಂಡರಿಸಬೇಕು. ಲೋಕರೂಢಿ ಅದು ತಾನೇ? ಹುಣಸೂರಿನ ನಮ್ಮ ಪುಟ್ಟ ಚರ್ಚಿಗೆ ಡ್ರಮ್ಸ್ ಬಂದಾಗ ಉಳಿದ ಹಿರಿಯರೆಲ್ಲ ರೂಢಿಯಂತೆಯೇ ನಡೆದುಕೊಂಡರು. ಒಬ್ಬರು ಕಿವಿಗೆ ಹತ್ತಿ ಇಟ್ಟುಕೊಂಡು ಬಂದರು. ಇನ್ನೊಬ್ಬರು ಹಾಡು ಮುಗಿಯುವವರೆಗೆ ಹೊರಗೆ ಹೊಂಗೆ ಮರದ ಕೆಳಗೆ ನಿಂತಿದ್ದು, ಪಾದ್ರಿಗಳ ಪ್ರಸಂಗಕ್ಕೆ ಮಾತ್ರ ಒಳಗೆ ಬರತೊಡಗಿದರು. ನಮ್ಮತ್ತೆ ಹಿಂದಿನ ಬೆಂಚಿನಿಂದ ಎದ್ದು, ಸೆರಗು ಸರಿಮಾಡಿಕೊಂಡು, ನೇರ ಹೋಗಿ ಡ್ರಮ್ಸಿನ ಎದುರಿಗಿದ್ದ ಮೊದಲ ಬೆಂಚಿನಲ್ಲಿ ಕೂತುಬಿಟ್ಟರು. ಅಂದಿನಿಂದ ಅದು ಅವರ ಬೆಂಚು.

ಅವರಿಗೆ ಕಿವಿ ಸ್ವಲ್ಪ ಮಂದ. ಪಾದ್ರಿ ಅಯ್ಯನವರು ಹೇಳಿದ್ದನ್ನೆಲ್ಲ ಮತ್ತೆ ಕಿವಿಯಲ್ಲಿ ಹೇಳಲು ಪಕ್ಕದಲ್ಲಿ ನಾನಿರಲೇಬೇಕು. ಹೀಗಾಗಿ ಹೆಂಗಸರ ಸಾಲಿನಲ್ಲಿ ಕೂರುವ ಏಕೈಕ ಗಂಡಸು ಎಂಬ ಹೆಸರು ನನಗಂಟಿದೆ. ಊರಲ್ಲಿ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಆ ಪಾಪಕ್ಕೆ, ಭಾನುವಾರ ಹಾಡಿನ ಸಾಲುಗಳನ್ನು ಗೋಡೆಯ ಮೇಲೆ ಮೂಡಿಸುವ ಕೆಲಸವೂ ನನಗೇ ಬಂದಿದೆ. ಮಡಿಲಲ್ಲಿ ಲ್ಯಾಪ್‌ಟಾಪು, ಪಕ್ಕದಲ್ಲಿ ಅತ್ತೆ. ಎರಡೂ ಯಾವಾಗ ನಿಂತುಹೋಗುತ್ತವೋ, ಯಾವಾಗ ತಾವಾಗಿಯೇ ಮುಂದಕ್ಕೆ ಓಡುತ್ತವೋ ಹೇಳಲು ಬಾರದು.

ಡ್ರಮ್ಸ್ ಬಾರಿಸುವ ಹುಡುಗ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟುಕೊಂಡವನು. ಮೆಲ್ಲಗೆ ಬಾರಿಸಲಿ ಎಂದು ಹಿರಿಯರೊಬ್ಬರು ಅವನಿಗೆ ವಾರವಾರ ಬಾಳೆಹಣ್ಣು ಕೊಡುತ್ತಿದ್ದರು. ಜೋರಾಗಿ ಬಾರಿಸಲಿ ಎಂದು ನಮ್ಮತ್ತೆ ಕೋಡುಬಳೆ ಕೊಡುತ್ತಿದ್ದರು. ಎರಡನ್ನೂ ತಿಂದವನು ಏನು ಮಾಡಬೇಕು ಹೇಳಿ? ಅರ್ಧ ಹಾಡಿನವರೆಗೆ ಮೆಲ್ಲಗೆ ಬಾರಿಸಿ, ಉಳಿದರ್ಧ ಚರ್ಚಿನ ಚಾವಣಿಯ ಶೀಟು ನಡುಗುವಂತೆ ಬಾರಿಸತೊಡಗಿದ. ಕೆ.ಆರ್. ನಗರದಿಂದ ಬಂದಿದ್ದ ಅತಿಥಿಯೊಬ್ಬರು ಇದು ನಿಮ್ಮ ಸಭೆಯ ವಿಶೇಷ ಶೈಲಿಯೇ ಎಂದು ವಿಚಾರಿಸಿಕೊಂಡು ಹೋದರು.

ಅತ್ತೆಯ ಚಪ್ಪಾಳೆ ಬೇರೆ. ಅದು ತಾಳಕ್ಕಿಂತ ಯಾವಾಗಲೂ ಒಂದು ಗೇಣು ಹಿಂದೆ. ಅವರೆದುರಿಗೇ ಕೂತ ಡ್ರಮ್ಸಿನವನು ಆ ಕೈಗಳನ್ನು ನೋಡಿ ನೋಡಿ ತಾನೂ ಹಿಂದೆ ಬೀಳುತ್ತಾನೆ. ಕೀಬೋರ್ಡು ಅಷ್ಟರಲ್ಲಿ ಮುಂದೆ ಹೋಗಿರುತ್ತದೆ. ಗೋಡೆಯ ಮೇಲೆ ನಾನು ಯಾರ ಸಾಲನ್ನು ಬಿಡಲಿ? ಒಂದು ದಿನ ತಡೆಯಲಾರದೆ, ಹೊಸ ಹಾಡಿನಲ್ಲಿ ನಿಮಗೇನು ಅಷ್ಟು ಚೆಂದ ಕಾಣುತ್ತದೆ ಎಂದು ಕೇಳಿಯೇಬಿಟ್ಟೆ.

"ಅದು ಹೇಳಿದ್ದೇ ಹೇಳ್ತದೆ ಕಣ್ಲಾ," ಎಂದರು. "ಒಂದ್ ಸಲ ತಪ್ಪೋದ್ರೂ ಮುಂದ್ಲು ಸುತ್ತಿಗೆ ಸಿಕ್ತದೆ. ಬಿಳಿಕೆರೆ ಬಸ್ಸಿದ್ದಂಗೆ."

ಹೀಗೆ ನಾವು ನಮ್ಮ ಪಾಡಿಗೆ ಗೊಂದಲದಲ್ಲಿ ಸುಖವಾಗಿದ್ದಾಗ, ಹಾಡಿನ ತಂಡ ನಡೆಸಲು ಪಿರಿಯಾಪಟ್ಟಣದ ಕಡೆಯ ತರುಣನೊಬ್ಬ ಬಂದ. ಮೈಸೂರಿನಲ್ಲಿ ಸಂಗೀತ ಓದಿದವನು. ಗಡ್ಡ, ಹರಿದ ಜೀನ್ಸು, ಬೆನ್ನಿಗೆ ಗಿಟಾರು. ಹತ್ತಿ ಇಟ್ಟುಕೊಳ್ಳುವ ಹಿರಿಯರು ಇನ್ನಷ್ಟು ಹತ್ತಿ ಕೊಂಡರು. ಅತ್ತೆ ಇನ್ನೆರಡು ಡ್ರಮ್ಮು ಬರುತ್ತವೆಂದು ಹಿಗ್ಗಿದರು. ಅವನು ಮೊದಲ ಭಾನುವಾರವೇ ಎದ್ದು ನಿಂತು, ನಾವು ನಮ್ಮ ಬೇರುಗಳನ್ನು ಕಳೆದುಕೊಂಡಿದ್ದೇವೆ, ಪುರಾತನ ಗಾನಕ್ಕೆ ಮರಳಬೇಕು ಎಂದ. ಸಾವಿರ ವರ್ಷದ ಹಿಂದೆ ಯುರೋಪಿನ ಕ್ರೈಸ್ತ ಸನ್ಯಾಸಿಗಳು ತಮ್ಮ ಮಠಗಳಲ್ಲಿ ಹಾಡುತ್ತಿದ್ದರಂತೆ, ಅಂಥದ್ದೊಂದನ್ನು ಮೊಬೈಲಿನಿಂದ ಸ್ಪೀಕರಿಗೆ ಹಾಕಿದ. ತಾಳವಿಲ್ಲ, ವಾದ್ಯವಿಲ್ಲ. ಗಂಡಸರ ದನಿಗಳು ಸುಮ್ಮನೆ ಏರಿ, ಸುಮ್ಮನೆ ಇಳಿದು, ಮತ್ತೆ ಏರಿದವು. ನಾವೆಲ್ಲ ಉಸಿರು ಬಿಗಿಹಿಡಿದು ಕೇಳಿದೆವು. ಅತ್ತೆ ನನ್ನ ಕಡೆ ಬಾಗಿ, ಪಿಸುಮಾತೆಂದು ತಾವು ನಂಬಿರುವ ದನಿಯಲ್ಲಿ ಕೇಳಿದರು:

"ಯಾರಪ್ಪಾ ತೀರ್ಕಂಡೋರು?"

ಇಡೀ ಸಭೆಗೆ ಕೇಳಿಸಿತು. ಸನ್ಯಾಸಿಗಳಿಗೆ ಮಾತ್ರ ಕೇಳಿಸಲಿಲ್ಲ, ಅಷ್ಟು ಪುಣ್ಯ.

ನನ್ನ ತಲೆ ಕೆಟ್ಟದ್ದು ಅಲ್ಲಿಂದಲೇ. ಇಪ್ಪತ್ತೈದರವನಿಗೆ ಹಳೆಯದು ಬೇಕು, ಎಪ್ಪತ್ತೈದರವರಿಗೆ ಹೊಸದು ಬೇಕು. ಐವತ್ತರ ಹತ್ತಿರ ಬಂದ ನನಗೆ ಏನು ಬೇಕಾಗಿರಬೇಕು? ಡ್ರಮ್ಸ್ ಬೇಡವೆಂದಿದ್ದ ಹಿರಿಯರೂ ಎರಡು ವಾರ ಪುರಾತನ ಗಾನ ಕೇಳಿದ ಮೇಲೆ, ನಡುವೆ ಒಂದಿಷ್ಟು ಡ್ರಮ್ಸ್ ಇದ್ದರೆ ನಿದ್ದೆ ಬರುವುದಿಲ್ಲ ಎನ್ನತೊಡಗಿದರು. ಬಾಳೆಹಣ್ಣು ನಿಂತುಹೋಯಿತು.

ತರುಣನಿಗೆ ಯಾರೋ ಒಂದು ಸುದ್ದಿ ಮುಟ್ಟಿಸಿದರು. ನಮ್ಮಜ್ಜಿ, ಅಂದರೆ ಅತ್ತೆಯ ತಾಯಿ, ಒಂದು ಕೀರ್ತನೆ ಹಾಡುತ್ತಿದ್ದರು, ಅದು ಯಾವ ಪುಸ್ತಕದಲ್ಲೂ ಇಲ್ಲ, ಈಗ ಅದು ಗೊತ್ತಿರುವುದು ಅತ್ತೆಯೊಬ್ಬರಿಗೇ ಎಂದು. ಸುದ್ದಿ ನಿಜವೇ. ಅಜ್ಜಿ ನಾನು ತೊಟ್ಟಿಲಲ್ಲಿದ್ದಾಗಲೇ ಹೋದವರು, ನಾನು ಕೇಳಿದ್ದಿಲ್ಲ. ತರುಣ ಬಿಳಿಕೆರೆ ಹತ್ತಿರದ ಹಳ್ಳಿಯಲ್ಲಿರುವ ಅತ್ತೆಯ ಮನೆಗೆ ನನ್ನನ್ನೂ ಎಳೆದುಕೊಂಡು ಹೋದ. ಇನ್ನೆರಡು ತಿಂಗಳಿಗೆ ಬೆಳೆ ಹಬ್ಬ, ರೈತರು ಮೊದಲ ಫಸಲನ್ನು ಚರ್ಚಿಗೆ ತರುವ ದಿನ, ಅಂದು ಆ ಕೀರ್ತನೆಯನ್ನು ನೀವು ಹಾಡಬೇಕು ಎಂದು ಬೇಡಿಕೊಂಡ.

ಅತ್ತೆ ರೊಟ್ಟಿ ತಟ್ಟುತ್ತಾ ಯೋಚಿಸಿ, "ಡ್ರಮ್ಸ್ ಹಾಕೋದಾದ್ರೆ ಹಾಡ್ತೀನಿ," ಎಂದರು.

ತರುಣನ ಮುಖ ರೊಟ್ಟಿಯಂತೆಯೇ ಬೆಂದುಹೋಯಿತು. ಪುರಾತನ ಕೀರ್ತನೆಗೆ ಡ್ರಮ್ಸೇ? ಅವನು ಒಪ್ಪಲಿಲ್ಲ, ಅತ್ತೆ ಬಗ್ಗಲಿಲ್ಲ. ಆದರೂ ಅವನು ಬರುವುದನ್ನು ಬಿಡಲಿಲ್ಲ. ಅತ್ತೆ ಅವನಿಗೆ ಕಾಫಿ ಕೊಟ್ಟು, ಸೊಸೆಯಂದಿರ ವಿಚಾರ, ಸರಗೂರಿನ ನೆಂಟರ ವಿಚಾರ, ತಮ್ಮ ಮಂಡಿನೋವಿನ ವಿಚಾರ ಎಲ್ಲ ಹೇಳುತ್ತಿದ್ದರು, ಹಾಡೊಂದನ್ನು ಬಿಟ್ಟು. ಕೊನೆಗೊಂದು ಸಂಜೆ ಏನನ್ನಿಸಿತೋ, ತಾವಾಗಿಯೇ ಶುರುಮಾಡಿದರು.

ಬಾರಯ್ಯ ಒಡೆಯನೇ ಬಡವಿಯ ಮನೆಗೆ
ಕಂಬಳಿ ಹಾಸೀನಿ ಕೂತುಕೋ ಒಳಗೆ

ಹೊಸ ಹಾಡಿಗೆ ಕಿರುಚುವ ಅದೇ ಗಂಟಲೇ ಇದು? ರಾಗ ಎಲ್ಲಿಯೂ ಅವಸರಪಡದೆ, ನೆಲ ನೋಡಿಕೊಂಡು ನಡೆಯುವವರಂತೆ ಹೋಗುತ್ತಿತ್ತು. ತರುಣ ಮೊಬೈಲ್ ಹಿಡಿದು ಕಣ್ಣು ಮುಚ್ಚಿದ, ನಾನೂ ಮುಚ್ಚಿದೆ. ಎರಡನೆಯ ಚರಣವೂ ಹಾಗೆಯೇ ಬಂತು. ಮೂರನೆಯದಕ್ಕೆ ಮುಂಚೆ ಅತ್ತೆ ಒಂದು ಗಳಿಗೆ ನಿಂತು, ಬಾಗಿಲಾಚೆ ನೋಡಿ, ಹಾಡಿದರು:

ರಾಗಿ ತೆನೆ ಬಾಗ್ಯದೆ ಒಡೆಯನೇ ನೋಡು
ಹಂದಿ ನುಗ್ಗೋ ಮುಂಚೆ ಕಾವಲು ಮಾಡು

ತರುಣ ಕಣ್ಣು ಮುಚ್ಚಿಯೇ ಇದ್ದ. ನಾನು ತೆರೆದೆ.

ಮಾರನೆಯ ವಾರ ಇನ್ನೊಮ್ಮೆ ಹಾಡಿಸಿದಾಗ ಮೂರನೆಯ ಚರಣದಲ್ಲಿ ರಾಗಿಯೂ ಇರಲಿಲ್ಲ, ಹಂದಿಯೂ ಇರಲಿಲ್ಲ. ಕರುವೊಂದು ದಾರಿ ತಪ್ಪಿಸಿಕೊಂಡಿತ್ತು. ನಾನು ಅತ್ತೆಯ ಮುಖ ನೋಡಿದೆ. ತರುಣನಿಗೆ ಮಾತ್ರ ಪರಮಾನಂದ. ಬಾಯಿಂದ ಬಾಯಿಗೆ ಬಂದ ಹಾಡುಗಳಲ್ಲಿ ಹೀಗೇ ಇರುತ್ತದೆ, ಇದಕ್ಕೆ ಪಾಠಾಂತರ ಎನ್ನುತ್ತಾರೆ ಎಂದು ದಾರಿಯುದ್ದಕ್ಕೂ ನನಗೆ ಪಾಠ ಹೇಳಿದ. ಅದರ ಮುಂದಿನ ಸಲ ಮೂರನೆಯ ಚರಣ ಹೀಗಿತ್ತು:

ಹಸಿರೆಲೆ ಕಟ್ಟಿ ಕಪ್ಪಾದ ಕೈಯ
ತೊಳೆಯದೆ ಬಂದೀನಿ ಹಿಡಿದುಕೋ ಅಯ್ಯ

ಇದನ್ನು ಕೇಳಿದ ತರುಣ ಇದೇ ಮೂಲಪಾಠ ಎಂದು ತೀರ್ಮಾನಿಸಿದ. ನನಗೆ ಟೈಪ್ ಮಾಡಲು ಕೊಟ್ಟ. ನಾನು ಮಾಡಿದೆ.

ತಕರಾರು ಬಂದದ್ದು ಸಭೆಯ ಕಮಿಟಿಯಲ್ಲಿ. ನಮ್ಮ ಅಯ್ಯನವರು ಬೇರೆ ಜಿಲ್ಲೆಯವರು. ಹಸಿರೆಲೆ ಅಂದರೆ ಯಾವ ಎಲೆ ಎಂದು ಮುಗ್ಧವಾಗಿ ಕೇಳಿದರು. ಹುಣಸೂರಿನಲ್ಲಿ ಕೇಳುವ ಪ್ರಶ್ನೆಯೇ ಅದು? ಹೊಗೆಸೊಪ್ಪು ಎಂದು ನಾಲ್ಕು ಕಡೆಯಿಂದ ಉತ್ತರ ಬಂತು. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಣಗಿಸುವ ಗೂಡಿಗೆ ಏರಿಸುವಾಗ ಅದರ ಅಂಟು ಕೈಗೆ ಮೆತ್ತಿ ಕಪ್ಪಾಗುತ್ತದೆ, ಸೋಪು ಹಾಕಿದರೂ ಬೇಗ ಹೋಗುವುದಿಲ್ಲ ಎಂದು ವಿವರಣೆಯೂ ಬಂತು. ಅಯ್ಯನವರು ಹೋದ ತಿಂಗಳಷ್ಟೇ ಬೀಡಿ ತಂಬಾಕಿನ ವಿರುದ್ಧ ಗಂಟಲು ಹರಿಯುವಂತೆ ಪ್ರಸಂಗ ಮಾಡಿದ್ದರು. ದೇವರ ಕೀರ್ತನೆಯಲ್ಲಿ ಹೊಗೆಸೊಪ್ಪೇ ಎಂದು ನೊಂದುಕೊಂಡರು. ಸೊಪ್ಪು ಬೆಳೆಯುವ ಹಿರಿಯರೊಬ್ಬರು ತಲೆಯೆತ್ತಿ ಚಾವಣಿ ನೋಡುತ್ತಾ, "ಈ ಶೀಟು ಯಾವ ಬೆಳೆ ದುಡ್ಡಲ್ಲಿ ಬಂತು ಅಂದ್ಕಂಡಿದ್ದೀರಿ, ಅಯ್ಯನವ್ರೇ?" ಎಂದರು. ಕೊನೆಗೆ, ಈ ಚರಣ ನಿಜವಾಗಿ ಹಿಂದಿನವರದೇ ಎಂದು ವಿಚಾರಿಸಿ ಬರುವ ಕೆಲಸ ನನ್ನ ತಲೆಗೆ ಬಂತು.

ನಾನು ಹೋದಾಗ ಅತ್ತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಸುತ್ತು ಬಳಸಿ ಕೇಳಿದೆ. ಅವರು ತಲೆಯೆತ್ತದೆ ಇನ್ನೊಂದು ಕಾಯಿ ಬಿಡಿಸಿದರು.

"ಮೂರ್ನೇದು ಮರ್ತೋಗದೆ ಕಣ್ಲಾ," ಎಂದರು. "ಎಷ್ಟೋ ವರ್ಸ ಆಯ್ತು. ಎರಡಕ್ಕೇ ನಿಂತೋಯ್ತದೆ. ಅವ್ವನ ಹಾಡ ಮರ್ತ್‌ಬುಟ್ಟಳು ಅಂತ ಯಾರ್ ಅನ್ನಿಸ್ಕಂಡಾರು? ಡ್ರಮ್ಸು ಅಂದ್ರೆ ಆ ಉಡುಗ ಓಡೋಯ್ತನೆ ಅಂದ್ಕಂಡೆ."

ನನಗೆ ಆಗ ಹೊಳೆಯಿತು. ಚರ್ಚಿನ ಹಳೆಯ ಕೀರ್ತನೆಗಳೂ ಹೀಗೆಯೇ ಒಂದೊಂದಾಗಿ ಅವರನ್ನು ಬಿಟ್ಟುಹೋಗಿದ್ದವು. ಕಣ್ಣು ಮಂಜಾಗಿ ಗೋಡೆಯ ಮೇಲಿನ ನನ್ನ ಅಕ್ಷರಗಳೂ ಕಾಣುತ್ತಿರಲಿಲ್ಲ. ಹೇಳಿದ್ದನ್ನೇ ಹೇಳುವ ಹಾಡಿನಲ್ಲಿ ಮಾತ್ರ, ಯಾರಿಗೂ ಗೊತ್ತಾಗದಂತೆ, ಅವರು ಎಲ್ಲರ ಜೊತೆ ಇರಬಹುದಿತ್ತು.

ಹಾಗಾದರೆ ಆ ರಾಗಿ ಎಂದು ಕೇಳಿದೆ. ಅವತ್ತು ಹೊಲಕ್ಕೆ ಹಂದಿ ನುಗ್ಗಿತ್ತಂತೆ. ಕರು? ಅದು ಪಕ್ಕದ ಮನೆಯದು, ಸಂಜೆಗೆ ಸಿಕ್ಕಿತಂತೆ. ಹೊಗೆಸೊಪ್ಪು?

ಅವರ ಕೈ ನಿಂತಿತು. "ಅದೊಂದು ಸುಳ್ಳಲ್ಲ ಬುಡು. ಅವ್ವನ ಕೈ ಅಂಗೇ ಇದ್ವು."

ಮರುದಿನ ತರುಣನನ್ನು ಅಂಗಡಿಗೆ ಕರೆಸಿ ಎಲ್ಲ ಹೇಳಿದೆ. ಪಾಠಾಂತರದ ಗೋಪುರವೇ ಕುಸಿದ ಮೇಲೆ ಅವನು ಏನಾಗುತ್ತಾನೋ ಎಂದು ನೀರಿನ ಬಾಟಲಿಯನ್ನೂ ಹತ್ತಿರ ಇಟ್ಟುಕೊಂಡಿದ್ದೆ. ಅವನು ಜೆರಾಕ್ಸ್ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತ. ಆಮೇಲೆ, ಹಾಗಾದರೆ ಈ ಮೂರನೇ ಚರಣ ಹುಟ್ಟಿದ್ದು ಯಾವಾಗ ಎಂದು ಕೇಳಿದ. ನೀನು ಎರಡನೇ ಲೋಟ ಕಾಫಿ ಕುಡಿಯುವಾಗ ಎಂದೆ.

"ಹಂಗಾದ್ರೆ ಅದು ಹೊಸ ಹಾಡು ಸಾರ್," ಎಂದು ಎದ್ದು ನಿಂತ. "ಅದಕ್ಕೆ ಡ್ರಮ್ಸ್ ಹಾಕಬಹುದು."

ಅಯ್ಯನವರಿಗೂ ಇದ್ದದ್ದನ್ನು ಇದ್ದ ಹಾಗೆ ತಿಳಿಸಿದೆ. ಎರಡು ಚರಣ ಹಳೆಯದು, ಮೂರನೆಯದು ನಮ್ಮತ್ತೆಯದು, ರಾಗ ಮೂರಕ್ಕೂ ಒಂದೇ. ಅವರು ಗಡ್ಡ ಕೆರೆದುಕೊಂಡರು. ಪಾಪ, ಹಿಂದಿನವರ ಹಾಡನ್ನಾದರೆ ಬೇಡ ಎಂದುಬಿಡಬಹುದು, ಅವರೇನು ಎದ್ದು ಬರುತ್ತಾರೆಯೇ? ಮೊದಲ ಬೆಂಚಿನವರ ಹಾಡನ್ನು ಬೇಡ ಎನ್ನುವ ಧೈರ್ಯ ಯಾವ ಪಾದ್ರಿಗಿದೆ! ಒಪ್ಪಿಕೊಂಡರು.

ಬೆಳೆ ಹಬ್ಬದ ದಿನ ಪೀಠದ ಮುಂದೆ ಕುಂಬಳಕಾಯಿ, ಶುಂಠಿ, ಕಬ್ಬು, ಮುಸುಕಿನ ಜೋಳ, ಕಾಲು ಕಟ್ಟಿದ ಎರಡು ಹುಂಜಗಳು. ಪ್ರಾರ್ಥನೆ ಯಾವಾಗ ಮುಗಿಯಿತು, ಹುಂಜ ಯಾವಾಗ ಶುರುವಾಯಿತು ಎಂದು ತಿಳಿಯದೆ ಜನ ಎರಡು ಕಡೆ ಆಮೆನ್ ಅಂದರು. ತರುಣ ತಂಬೂರಿಯ ಶ್ರುತಿ ಹಿಡಿದ. ಮಂಡಿನೋವಿನ ಅತ್ತೆ ಕೂತಲ್ಲಿಂದಲೇ, ಕೈಯಲ್ಲಿ ಮೈಕು ಹಿಡಿದು ಹಾಡಿದರು. ಮೊದಲ ಚರಣ. ಎರಡನೆಯದು. ಸಭೆ ಎದ್ದು ನಿಂತು ಕೇಳುತ್ತಿತ್ತು. ಆಮೇಲೆ ಮೊಬೈಲ್ ಅಂಗಡಿಯವನ ಕೈ ಮೆಲ್ಲಗೆ ಬಿತ್ತು, ಕೀಬೋರ್ಡು ಸೇರಿತು, ನಾನು ಗೋಡೆಯ ಮೇಲೆ ಮೂರನೆಯ ಚರಣ ಬಿಟ್ಟೆ.

ಮೊದಲ ಸುತ್ತಿಗೆ ಜನ ತಡವರಿಸಿದರು. ಹಳೆಯ ಹಾಡೆಂದು ಕೈಕಟ್ಟಿ ನಿಲ್ಲಬೇಕೋ, ಹೊಸದೆಂದು ಚಪ್ಪಾಳೆ ತಟ್ಟಬೇಕೋ ಅವರಿಗೂ ತಿಳಿಯಲಿಲ್ಲ. ಎರಡನೆಯ ಸುತ್ತಿಗೆ ಹೆಂಗಸರ ಸಾಲು ಹಿಡಿದುಕೊಂಡಿತು. ನಮ್ಮ ಸಭೆಯ ಹೆಂಗಸರಲ್ಲಿ ಸೊಪ್ಪು ಕಟ್ಟಿ ಕೈ ಕಪ್ಪಾಗದವರು ಎಷ್ಟು ಜನ? ಯಾರಿಗೂ ಗೋಡೆ ನೋಡುವುದೇ ಬೇಕಾಗಲಿಲ್ಲ. ಆಮೇಲೆ ಗಂಡಸರೂ ಸೇರಿದರು, ಅಯ್ಯನವರೂ ಸೇರಿದರು. ಹಾಡನ್ನು ಎಲ್ಲಿ ನಿಲ್ಲಿಸುವುದೆಂದು ತರುಣನಿಗೆ ಗೊತ್ತಾಗದೆ ಅದು ಸುತ್ತುತ್ತಲೇ ಇತ್ತು.

ಪಕ್ಕಕ್ಕೆ ನೋಡಿದರೆ ಅತ್ತೆ ಹಾಡುತ್ತಿರಲಿಲ್ಲ. ಮೈಕು ಮಡಿಲಲ್ಲಿತ್ತು. ಮತ್ತೆ ಮರೆತರೇನೋ ಎಂದು ಗಾಬರಿಯಾಗಿ, ಸಾಲನ್ನು ಅವರ ಕಿವಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿ ನನ್ನ ಕಿವಿಗೆ ಬಾಗಿದರು. ಆ ಸಲ ಅದು ನಿಜವಾಗಿ ಪಿಸುಮಾತೇ ಆಗಿತ್ತು.

"ನಮ್ಮವ್ವ ಬೆಳೆ ಹಬ್ಬಕ್ಕೆ ಒಂದ್ ಸಲನೂ ಬಂದೋಳಲ್ಲ ಕಣ್ಲಾ. ಸೊಪ್ಪಿನ ಕಾಲ್ದಲ್ಲಿ ಕೆಲ್ಸದಿಂದ ಯಾರು ಬುಟ್ಟಾರು? ಬಾ ಅಂದ್ರೂ, ಈ ಕೈ ಇಟ್ಕಂಡು ಎಂಗ್ ಬರ್ಲಿ ಅನ್ನೋಳು."

ಲ್ಯಾಪ್‌ಟಾಪ್ ಎತ್ತಿಕೊಂಡು ಬೆಂಚಿನ ತುದಿಗೆ ಸರಿದೆ. ಅತ್ತೆಯೂ ಇನ್ನೊಂದು ತುದಿಯ ಕಡೆಗೆ ಸ್ವಲ್ಪ ಸರಿದು ಕೂತರು. ನಮ್ಮಿಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಾಯಿತು.