ಇದ್ದೊಬ್ಬ ಫಾರಿನ್ನು

ಎಲ್ಲಕ್ಕೂ ಕಾರಣ ಒಂದು ಸುತ್ತೋಲೆ. ಅದನ್ನು ಟೈಪು ಮಾಡಿದವನು, ಇಪ್ಪತ್ತೆಂಟು ಪ್ರತಿ ತೆಗೆಸಿದವನು, ಮಹಡಿ ಮಹಡಿ ಹತ್ತಿಳಿದು ಹಂಚಿದವನು ಸಾಕ್ಷಾತ್ ಟೆಂಪರರಿಯೇ. ಇನ್ನು ಯಾರನ್ನು ಬೈದು ಏನು ಪ್ರಯೋಜನ ಹೇಳಿ.

ಟೆಂಪರರಿ ಅಂದರೆ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ವಿಭಾಗದ ಗುಮಾಸ್ತ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಒಂಬತ್ತು ವರ್ಷದಿಂದ ತಾತ್ಕಾಲಿಕ ಹುದ್ದೆಯಲ್ಲೇ ಕೂತಿದ್ದರಿಂದ ಇಡೀ ಕಟ್ಟಡ ಅವನನ್ನು ಹಾಗೇ ಕರೆಯುತ್ತಿತ್ತು. ಮೊನ್ನೆ ಹೆಂಡತಿಯ ಅಣ್ಣ ಮನೆಗೆ ಬಂದು, ಈ ತಿಂಗಳೊಳಗೆ ಕೆಲಸ ಖಾಯಂ ಆಗದಿದ್ದರೆ ಸುಮ್ಮನೆ ತನ್ನ ಹಿಟ್ಟಿನ ಗಿರಣಿಗೆ ಬಂದು ಸೇರಿಕೊಳ್ಳಬೇಕು ಅಂತ ತೀರ್ಪು ಕೊಟ್ಟು ಹೋಗಿದ್ದ. ಹೆಂಡತಿ ಹೌದೆಂದು ತಲೆಯಾಡಿಸಿದ್ದಳು. ಟೆಂಪರರಿಗೆ ಹಿಟ್ಟಿನ ಧೂಳು ಅಂದರೆ ಆಗದು, ಭಾವ ಅಂದರೆ ಇನ್ನೂ ಆಗದು.

ಉಳಿದಿದ್ದ ಆಸೆ ಒಂದೇ, ತಪಾಸಣಾ ಸಮಿತಿ. ಹೊರದೇಶದ ವಿದ್ಯಾರ್ಥಿಗಳು, ಸಂಶೋಧಕರು ಇಷ್ಟಪಟ್ಟು ಬರುವಂಥ ಜಾಗ ಇದು ಹೌದೋ ಅಲ್ಲವೋ ಅಂತ ನೋಡಿ ಅಂಕ ಕೊಡಲು ಸಮಿತಿ ಅವತ್ತು ಮಧ್ಯಾಹ್ನ ಮೂರಕ್ಕೆ ಬರುವುದಿತ್ತು. ಅಂಕ ಬಂದರೆ ವಿಭಾಗ ಉಳಿಯುತ್ತೆ, ನಿಮ್ಮ ವಿಷಯವನ್ನೂ ನೋಡೋಣ ಎಂದಿದ್ದರು ಕುಲಸಚಿವರು. ಬರದಿದ್ದರೆ ಕೋಣೆಗೆ ಬೀಗ. ಅದಕ್ಕೇ ಗೋಡೆಗೆ ಸುಣ್ಣ ಬಳಿದಿದ್ದಾಯ್ತು, ಹನ್ನೊಂದು ಭಾಷೆಯಲ್ಲಿ ಸುಸ್ವಾಗತ ಬರೆಸಿದ್ದಾಯ್ತು. ಕೊನೆಗೆ ಬಂದದ್ದು ಆ ಸುತ್ತೋಲೆ: ವಿದೇಶಿ ವಿದ್ಯಾರ್ಥಿಗಳು ಯಾವುದೇ ಕಾಗದ ತಂದರೂ ಹತ್ತು ನಿಮಿಷದೊಳಗೆ ಸಹಿ ಮಾಡಿಕೊಡತಕ್ಕದ್ದು, ತಪ್ಪಿದವರಿಗೆ ನೋಟೀಸು.

ವಿದ್ಯಾರ್ಥಿಗಳು ಅಂತ ಬಹುವಚನ ಹಾಕಿದ್ದು ಮರ್ಯಾದೆಗೆ. ಇದ್ದವನು ಒಬ್ಬನೇ. ನಾಲ್ಕು ವರ್ಷದ ಹಿಂದೆ ಎರೆಹುಳುಗಳ ಮೇಲೆ ಸಂಶೋಧನೆ ಮಾಡಲು ಬಂದವನನ್ನು ಎಲ್ಲರೂ ನಮ್ಮ ಫಾರಿನ್ನು ಅನ್ನುತ್ತಿದ್ದರು. ಕಿಟಕಿಯಿಂದ ಕಿಟಕಿಗೆ ಅಲೆದೂ ಅಲೆದೂ ಪಾಪದವನು ಇಲ್ಲಿನ ಭಾಷೆಯನ್ನೇ ಕಲಿತುಬಿಟ್ಟಿದ್ದ. ಅವನು ಕಲಿತ ಮೊದಲ ವಾಕ್ಯ "ಸಾಹೇಬರು ಈಗಷ್ಟೇ ಎದ್ದು ಹೋದರು."

ಬೆಳಿಗ್ಗೆ ಹತ್ತೂಕಾಲಿಗೆ ಅವನು ಬಂದು ಮೇಜಿನ ಮೇಲೆ ನೋ ಡ್ಯೂಸ್ ಫಾರ್ಮು ಇಟ್ಟ. ಓದು ಮುಗಿಸಿ ಬಿಟ್ಟುಹೋಗುವವರು ಎಲ್ಲ ಕಡೆ ಸಹಿ ಹಾಕಿಸಿ ಕೊಡಬೇಕಾದ ಕಾಗದ ಅದು.

"ಕೆಲಸ ಸಿಕ್ಕಿದೆ ಸಾರ್. ಇವತ್ತೇ ಸೇರಬೇಕು," ಎಂದ ನಾಚಿಕೊಂಡು.

ಎಲ್ಲಿ ಕೆಲಸ, ಏನು ಕತೆ ಅಂತ ಕೇಳುವ ವ್ಯವಧಾನ ಟೆಂಪರರಿಗೆಲ್ಲಿತ್ತು? ಮೂರು ಗಂಟೆಗೆ ಸಮಿತಿ ಬಂದು ನಿಮ್ಮ ವಿದೇಶಿ ವಿದ್ಯಾರ್ಥಿಗಳೆಲ್ಲಿ ಅಂದರೆ ಎರೆಹುಳುಗಳನ್ನು ತೋರಿಸುವುದೇ? ಆದರೂ ಸಾವರಿಸಿಕೊಂಡ. ಲೈಬ್ರರಿ, ಹಾಸ್ಟೆಲು, ಲ್ಯಾಬು ಈ ಮೂರು ಸಹಿ ಮೊದಲು ತನ್ನಿ, ಕೊನೆಯದು ನನ್ನದು ಎಂದು ನಗುನಗುತ್ತಲೇ ಕಳಿಸಿಕೊಟ್ಟ. ಅಲ್ಲಿ ಹೋದ ಕಾಗದ ನಾಲ್ಕು ದಿನಕ್ಕೆ ಮುಂಚೆ ಹೊರಬಂದ ಚರಿತ್ರೆಯೇ ಇರಲಿಲ್ಲ.

ಅವನು ಮೆಟ್ಟಿಲಿಳಿದು ಹೋದ ಮೇಲೆ ಟೆಂಪರರಿಗೆ ಸುತ್ತೋಲೆ ನೆನಪಾಯಿತು. ಕುರ್ಚಿ ಹಿಂದಕ್ಕೆ ಬಿತ್ತು. ಅದನ್ನು ಎತ್ತದೆ ಓಡಿದ.

ಲೈಬ್ರರಿ ಮೇಡಂ ಇಪ್ಪತ್ತು ವರ್ಷದಲ್ಲಿ ಯಾರಿಗೂ ತಲೆಯೆತ್ತಿ ಮುಖ ಕೊಟ್ಟು ಮಾತಾಡಿದವರಲ್ಲ. ಅವತ್ತು ಎದ್ದು ನಿಂತು ಸೀಲು ಒತ್ತುತ್ತಿದ್ದರು. ಟೆಂಪರರಿ ಪಕ್ಕಕ್ಕೆ ಕರೆದು, ಯಾವುದಾದರೂ ಪುಸ್ತಕ ಬಾಕಿ ಇದೆ ಅಂತ ಹೇಳಿ, ನಿಮ್ಮ ಕಾಲಿಗೆ ಬೀಳ್ತೀನಿ ಎಂದು ಪಿಸುಗುಟ್ಟಿದ.

"ಒಂದಿತ್ತು. ಕಳೆದುಹೋಗಿದೆ ಅಂತ ನಾನೇ ಬರೆದು ಹಾಕಿದೆ," ಎಂದರು ಮೇಡಂ. "ನಿಮ್ಮ ನೋಟೀಸು ತಗೊಳ್ಳೋಕೆ ನನಗೇನು ಹುಚ್ಚೇನ್ರೀ? ಆರು ನಿಮಿಷದಲ್ಲಿ ಮುಗಿಸಿದೀನಿ, ಬರ್ಕೊಳ್ಳಿ."

ಹಾಸ್ಟೆಲಿನಲ್ಲಿ ಇನ್ನೂ ಅನ್ಯಾಯ. ಒಂದು ಬಕೆಟ್ಟಿನ ಹಿಡಿಗಾಗಿ ಹುಡುಗರನ್ನು ಎರಡು ವಾರ ಸತಾಯಿಸುತ್ತಿದ್ದ ವಾರ್ಡನ್, ಫಾರಿನ್ನಿನ ಮಂಚದ ಕಾಲು ಮುರಿದಿದ್ದರೂ ಹಳೇ ಮಂಚ ಬಿಡಿ ಎಂದು ಸಹಿ ಹಾಕಿ, ಅವನ ಬೆನ್ನು ತಟ್ಟಿ, ಲ್ಯಾಬಿನವರೆಗೆ ಸ್ಕೂಟರಿನಲ್ಲಿ ಬಿಟ್ಟುಬರಲು ಹೊರಟಿದ್ದರು. ಟೆಂಪರರಿ ಸ್ಕೂಟರಿನ ಹಿಂದೆ ಕೈಬೀಸುತ್ತ ಓಡಿದ. ಬೀಳ್ಕೊಡಲು ಬಂದಿರಬೇಕು ಎಂದುಕೊಂಡು ಇಬ್ಬರೂ ವಾಪಸ್ಸು ಕೈಬೀಸಿದರು.

ಈಗ ಟೆಂಪರರಿಗೆ ನಿಜವಾಗಿ ಭಯವಾಯಿತು. ಕಣ್ಣು ಮುಚ್ಚಿದರೆ ಭಾವ ಜರಡಿ ಹಿಡಿದು ನಿಂತಿದ್ದ. ಸಂದಿಯಲ್ಲಿ ನುಗ್ಗಿ, ಸ್ಕೂಟರಿಗಿಂತ ಮುಂಚೆ ಲ್ಯಾಬು ಸೇರಿ, ಫಾರಿನ್ನು ಬಳಸುತ್ತಿದ್ದ ಸೂಕ್ಷ್ಮದರ್ಶಕದ ಮಸೂರ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಹುಟ್ಟಿದಾರಭ್ಯ ಒಂದು ಗುಂಡುಪಿನ್ನೂ ಕದ್ದವನಲ್ಲ.

ಫಾರಿನ್ನಿನ ಜೊತೆ ಲ್ಯಾಬಿನ ಸ್ಟೋರ್ ಕೀಪರ್ ಪಟ್ಟಿ ಹಿಡಿದು ಬಂದ, ಮಸೂರ ಇಲ್ಲ ಅಂದ. ಟೆಂಪರರಿಗೆ ಜೀವ ಬಂತು. ಅಯ್ಯೋ, ಹಾಗಾದರೆ ಇವತ್ತು ಸಹಿ ಆಗಲ್ಲ, ವಿಚಾರಣೆ ಆಗಬೇಕು, ನಿಯಮ ಅಂದರೆ ನಿಯಮ ಎಂದು ಗಂಟಲು ಸರಿಮಾಡಿಕೊಂಡ.

"ಸಾರ್," ಎಂದ ಫಾರಿನ್ನು ಬಹಳ ಮೆಲ್ಲಗೆ, "ಅದು ನಿಮ್ಮ ಜೇಬಲ್ಲಿದೆ ಅನ್ಸುತ್ತೆ. ಹೊಳೀತಾ ಇದೆ."

ಒರೆಸಿಡೋಣ ಅಂತ ತಗೊಂಡಿದ್ದೆ ಎಂದು ಟೆಂಪರರಿ ಅಂಗಿಯ ತುದಿಯಿಂದ ಅದನ್ನು ಉಜ್ಜಿ ಉಜ್ಜಿ ಕೊಟ್ಟ. ಸ್ಟೋರ್ ಕೀಪರ್ ಅವನನ್ನು ಮೇಲಿಂದ ಕೆಳಗೆ ನೋಡಿ, ಗಡಿಯಾರವನ್ನೂ ನೋಡಿ, ಒಂಬತ್ತನೇ ನಿಮಿಷಕ್ಕೆ ಸಹಿ ಹಾಕಿದ.

ಉಳಿದದ್ದು ಟೆಂಪರರಿಯ ಸಹಿ. ಅವನು ಶೌಚಾಲಯದಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಕೂತ. ಹೊರಗೆ ಫಾರಿನ್ನು ತಾಳ್ಮೆಯಿಂದ ಕಾದ. ನಾಲ್ಕು ವರ್ಷ ಕಾದವನಿಗೆ ಇದೇನು ಮಹಾ! ಎರಡೂಮುಕ್ಕಾಲಿಗೆ ಜವಾನ ಬಂದು ಬಾಗಿಲು ಬಡಿದು, ಸಮಿತಿಯ ಕಾರು ಗೇಟಿಗೆ ಬಂತು, ಕುಲಸಚಿವರು ನಿಮ್ಮ ಕೋಣೆಗೇ ಕರ್ಕೊಂಡು ಬರ್ತಾರಂತೆ ಎಂದ. ಟೆಂಪರರಿ ಹೊರಬಂದ. ಫಾರಿನ್ನಿನ ಎರಡೂ ಕೈ ಹಿಡಿದುಕೊಂಡು ಕೋಣೆಗೆ ಎಳೆದುಕೊಂಡು ಹೋದ.

"ನೋಡಪ್ಪ, ನಿನ್ನ ಅಣ್ಣ ಅಂತ ತಿಳ್ಕೋ. ಸಂಜೆ ಐದರವರೆಗೆ ವಿದ್ಯಾರ್ಥಿಯಾಗಿರು. ನೀನು ಹೋದರೆ ನನ್ನ ಅನ್ನ ಹೋಗುತ್ತೆ. ನನಗೆ ಹಿಟ್ಟಿನ ಗಿರಣಿ ಬೇಡಪ್ಪ," ಎಂದ. ಹೇಳುತ್ತ ಹೇಳುತ್ತ ಅಳುವೇ ಬಂತು.

ಫಾರಿನ್ನು ಗಾಬರಿಯಾದ. "ಅಯ್ಯೋ ಸಾರ್, ನಾನೆಲ್ಲಿಗೆ ಹೋಗ್ತೀನಿ? ಕೆಲಸ ಸಿಕ್ಕಿರೋದು ಇಲ್ಲೇ, ಇದೇ ಯೂನಿವರ್ಸಿಟಿಯಲ್ಲಿ. ವಿದ್ಯಾರ್ಥಿಯಾಗಿರೋವರೆಗೆ ಆದೇಶ ಕೊಡೋಕಾಗಲ್ಲ, ಮೊದಲು ನೋ ಡ್ಯೂಸ್ ತನ್ನಿ ಅಂದರು ಕುಲಸಚಿವರು. ಯಾವ ವಿಭಾಗ ಅಂತ ಸಮಿತಿಯ ಮುಂದೇ ಹೇಳ್ತಾರಂತೆ. ನಾಳೆನೂ ಇಲ್ಲೇ ಇರ್ತೀನಿ, ನಾಡಿದ್ದೂ ಇಲ್ಲೇ."

ಟೆಂಪರರಿಯ ಮೈಯಿಂದ ಇಡೀ ದಿನದ ಬೆವರು ಒಮ್ಮೆಲೇ ಆರಿಹೋಯಿತು. ಇಷ್ಟೇನಾ? ಇದನ್ನು ಬೆಳಿಗ್ಗೆಯೇ ಹೇಳಬಾರದಿತ್ತೇನೋ ಪುಣ್ಯಾತ್ಮ ಎಂದು ನಕ್ಕು, ಅಂದವಾಗಿ ಸಹಿ ಹಾಕಿದ. ಸೀಲು ಒತ್ತಿದ, ತೃಪ್ತಿಯಾಗದೆ ಇನ್ನೊಂದು ಸಲ ಒತ್ತಿದ. ನೀನು ಎಲ್ಲಿದ್ದರೂ ಚೆನ್ನಾಗಿರು ಎಂದು ಮನಸಾರೆ ಹರಸಿದ.

ಅಷ್ಟರಲ್ಲಿ ಕುಲಸಚಿವರು ಸಮಿತಿಯವರೊಂದಿಗೆ ಒಳಗೆ ಬಂದರು. ಸಮಿತಿಯ ಅಧ್ಯಕ್ಷೆ ಕನ್ನಡಕ ಏರಿಸಿ ತಮ್ಮ ಪಟ್ಟಿ ಓದಿದರು: ವಿದೇಶಿ ವಿದ್ಯಾರ್ಥಿ ತಲಾ ಒಂದು ಅಂಕ, ವಿದೇಶಿ ಸಿಬ್ಬಂದಿ ತಲಾ ಹತ್ತು. ಕುಲಸಚಿವರು ಟೆಂಪರರಿಯ ಕೈಯಿಂದ ಫಾರ್ಮು ತೆಗೆದುಕೊಂಡು, ನಾಲ್ಕೂ ಸಹಿ ನೋಡಿ, ಜೇಬಿನಿಂದ ಒಂದು ಲಕೋಟೆ ತೆಗೆದು ಫಾರಿನ್ನಿಗೆ ಕೊಟ್ಟರು.

"ಹೊರಗಿಂದ ಬರೋರ ಕಷ್ಟ ಹೊರಗಿಂದ ಬಂದೋರಿಗೇ ಗೊತ್ತು," ಎಂದರು ಸಮಿತಿಯತ್ತ ತಿರುಗಿ. "ಇವತ್ತಿಂದ ಈ ವಿಭಾಗ ಪೂರ್ತಿ ಇವರದ್ದೇ. ಹುದ್ದೆ ಖಾಯಂ."

ಅಧ್ಯಕ್ಷೆ ಬಹಳ ಸಂತೋಷಪಟ್ಟು ಹತ್ತು ಬರೆದರು. ಕುಲಸಚಿವರು ಟೆಂಪರರಿಯ ಹೆಗಲ ಮೇಲೆ ಕೈಯಿಟ್ಟು, ಒಂದು ವಾರ ಇದ್ದು ಫೈಲುಗಳನ್ನೆಲ್ಲ ಇವರಿಗೆ ತಿಳಿಸಿಕೊಟ್ಟು ಹೋಗಿ ಎಂದು ಮೆಲ್ಲಗೆ ಹೇಳಿ, ಎಲ್ಲರನ್ನೂ ಕಾಫಿಗೆ ಕರೆದುಕೊಂಡು ಹೊರಟರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಟೆಂಪರರಿ ಗೋಡೆಗೆ ಒರಗಿದ. ಫಾರಿನ್ನಿಗೆ ನಿಜಕ್ಕೂ ಸಂಕಟವಾಗಿತ್ತು. ಮೇಜಿನ ಆಚೆ ಹೋಗಿ ಬೆಳಿಗ್ಗೆಯಿಂದ ಬಿದ್ದೇ ಇದ್ದ ಗುಮಾಸ್ತನ ಕುರ್ಚಿಯನ್ನು ಎತ್ತಿ, ಅದರ ಅಂಚಿಗೆ ಕೂತು, ಎದುರಿನ ಕುರ್ಚಿ ತೋರಿಸಿದ.

"ಕೂತ್ಕೊಳ್ಳಿ ಸಾರ್," ಎಂದ. "ಏನಾಗಬೇಕಿತ್ತು?"